‘ನಗುತ್ತೇನೆ’, ‘ನಗುತ್ತಾನೆ’: ಅಕ್ಷರದ ವೇಷಕ್ಕೆ ಪ್ರವೇಶ

ಪಠ್ಯರೂಪದ ಪಾತ್ರಾಭಿನಯಕ್ಕೆ ಬೇಕಾಗುವ ಸಾಮಗ್ರಿ ಅತ್ಯಲ್ಪ. ಅಂತರ್ಜಾಲದ ಹರಟೆಕೋಣೆಯೊಂದರಲ್ಲಿ ಇಬ್ಬರೋ ಹತ್ತು ಮಂದಿಯೋ ಸೇರುತ್ತಾರೆ; ಪ್ರತಿಯೊಬ್ಬರೂ ಒಂದು ಕಲ್ಪಿತ ವ್ಯಕ್ತಿಯ ಹೆಸರನ್ನು ಧರಿಸಿ, ಆ ವ್ಯಕ್ತಿ ಆಡಿದ್ದನ್ನೂ ಮಾಡಿದ್ದನ್ನೂ ಸರದಿಯಂತೆ ಬರೆಯುತ್ತ ಹೋಗುತ್ತಾರೆ. ಚಿತ್ರವಿಲ್ಲ, ದನಿಯಿಲ್ಲ, ಬಣ್ಣವಿಲ್ಲ. ಇದನ್ನು ಎಳೆಯರ ಕಾಲಹರಣವೆಂದು ಬದಿಗಿಡುವುದು ವಿದ್ವಾಂಸರಿಗೆ ಸುಲಭ. ಆದರೆ ಗಡಹಿಂಗ್ಲಜದಲ್ಲೋ ಇಚಲಕರಂಜಿಯ ಶಹಾಪುರದಲ್ಲೋ ಮರಾಠಿ ಮಾಧ್ಯಮದಲ್ಲಿ ಓದಿ, ಮನೆಯಲ್ಲಿ ಕನ್ನಡವಾಡುವ ತರುಣನೊಬ್ಬನನ್ನು ನೆನೆದುಕೊಂಡರೆ ವಿಷಯ ಅಷ್ಟು ಹಗುರವಾಗಿ ಉಳಿಯುವುದಿಲ್ಲ. ಅವನ ಕನ್ನಡಕ್ಕೆ ಬಾಯಿ ಇದೆ, ಬರೆಯುವ ಸಂದರ್ಭ ಇಲ್ಲ. ಅರ್ಜಿ, ಪರೀಕ್ಷೆ, ಅಂಗಡಿಯ ಲೆಕ್ಕ ಎಲ್ಲವೂ ಮರಾಠಿಯಲ್ಲಿ. ಯಾರೂ ತಿದ್ದದ, ಯಾರೂ ಅಂಕ ಕೊಡದ, ಆದರೂ ಇನ್ನೊಬ್ಬನು ಉತ್ತರಕ್ಕಾಗಿ ಕಾಯುತ್ತಿರುವ ಬರವಣಿಗೆ ಅವನಿಗೆ ಬೇರೆಲ್ಲಿ ಸಿಕ್ಕೀತು?

ಹೊಸಬರಿಗೆ ಈ ಆಟದಲ್ಲಿ ಹೇಳುವ ಬುದ್ಧಿಮಾತುಗಳು ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಮೊದಲು ಸುಮ್ಮನೆ ನೋಡು. ನಿನ್ನ ಪಾತ್ರದ ಹೆಸರು, ವಯಸ್ಸು, ಸ್ವಭಾವ ಬರೆದಿಡು. ಪ್ರಥಮ ಪುರುಷದಲ್ಲಿ, ಎಂದರೆ ‘ಅವನು’ ‘ಅವಳು’ ಎಂದು ಬರೆ. ಎದುರಿನವನ ಪಾತ್ರ ಏನು ಮಾಡಿತೆಂದು ನೀನು ನಿರ್ಧರಿಸಬೇಡ. ಪಾತ್ರದಿಂದ ಹೊರಬಂದು ಮಾತಾಡುವಾಗ ಜೋಡಿ ಕಂಸದೊಳಗೆ ಬರೆ. ಈ ಕ್ರಮಗಳು ಇಂಗ್ಲಿಷಿನಲ್ಲಿ ಹುಟ್ಟಿ ಬೆಳೆದವು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಷಾ ಮತ್ತು ರಿಚರ್ಡ್ ಬಾರ್ಟಲ್ ಕಟ್ಟತೊಡಗಿದ ‘ಮಡ್’ ಎಂಬ ಬಹುಜನರ ಆಟ, 1988ರಲ್ಲಿ ಫಿನ್ಲೆಂಡಿನ ಔಲು ನಗರದಲ್ಲಿ ಯಾರ್ಕೊ ಓಯಿಕರಿನೆನ್ ರೂಪಿಸಿದ ‘ಐಆರ್‌ಸಿ’ ಹರಟೆಜಾಲ, 1990ರಲ್ಲಿ ಪಾವೆಲ್ ಕರ್ಟಿಸ್ ಆರಂಭಿಸಿದ ‘ಲ್ಯಾಮ್ಡಾಮೂ’ ಈ ಪರಂಪರೆಯ ಮುಖ್ಯ ನಿಲ್ದಾಣಗಳು. ಅಲ್ಲಿನ ರೂಢಿಗಳು ಸಾರ್ವತ್ರಿಕ ನಿಯಮಗಳಂತೆ ನಮ್ಮವರೆಗೂ ಬಂದಿವೆ. ನನ್ನ ತಕರಾರು ಇರುವುದು ಮೂರನೆಯ ಬುದ್ಧಿಮಾತಿನ ಬಗ್ಗೆ. ಅದು ಕಲೆಯ ನಿಯಮವಲ್ಲ, ಒಂದು ಭಾಷೆಯ ವ್ಯಾಕರಣ ಒದಗಿಸಿದ ಅನುಕೂಲ.

ಐಆರ್‌ಸಿ ಕೋಣೆಗಳಲ್ಲಿ ಕ್ರಿಯೆಯನ್ನು ಸೂಚಿಸಲು ಓರೆಗೆರೆಯ ಜೊತೆ ‘ಮೀ’ ಎಂದು ಬರೆದು ಕ್ರಿಯಾಪದ ಸೇರಿಸುತ್ತಾರೆ. ತೆರೆಯ ಮೇಲೆ ‘ಮೀ’ ಇದ್ದಲ್ಲಿ ಬರೆದವನ ಹೆಸರು ಮೂಡುತ್ತದೆ. ‘ನಾನು’ ಎಂದು ಬರೆದದ್ದು ‘ಇಂಥವನು’ ಎಂದು ಕಾಣಿಸಿಕೊಳ್ಳುತ್ತದೆ. ಇಂಗ್ಲಿಷಿನ ಕ್ರಿಯಾಪದ ಇಷ್ಟಕ್ಕೆ ತುದಿಯಲ್ಲಿ ಒಂದು ಸಕಾರವನ್ನು ಸೇರಿಸಿಕೊಂಡು ಸುಮ್ಮನಾಗುತ್ತದೆ. ನಕ್ಕವರು ಗಂಡೋ ಹೆಣ್ಣೋ, ಹಿರಿಯರೋ ಕಿರಿಯರೋ ಎಂದು ಅದು ಕೇಳುವುದಿಲ್ಲ. ಮರಾಠಿಯಲ್ಲಿ ‘ಮೀ’ ಎಂದರೆ ‘ನಾನು’ ಎಂದೇ ಅರ್ಥವಾಗುವುದು ಒಂದು ತಮಾಷೆಯ ಕಾಕತಾಳೀಯ. ತಮಾಷೆಯ ಆಚೆಗೂ ಒಂದು ಮಾತಿದೆ. ‘ಮೀ ಹಸತೋ’, ‘ತೋ ಹಸತೋ’: ಮರಾಠಿಯ ವರ್ತಮಾನದಲ್ಲಿ ನಗುವವನು ನಾನಾದರೂ ಅವನಾದರೂ ಕ್ರಿಯಾಪದ ಒಂದೇ. ಹೆಣ್ಣಾದರೆ ಎರಡು ಕಡೆಯೂ ‘ಹಸತೇ’. ಲಿಂಗ ಬಯಲಾಗುತ್ತದೆ, ಆದರೆ ‘ನಾನು’ವಿನಿಂದ ‘ಅವನು’ವಿಗೆ ಸರಿಯುವಾಗ ವಾಕ್ಯ ಮುರಿಯುವುದಿಲ್ಲ.

ಕನ್ನಡದಲ್ಲಿ ಮುರಿಯುತ್ತದೆ. ‘ನಗುತ್ತೇನೆ’ ಎಂಬಲ್ಲಿ ಲಿಂಗವಿಲ್ಲ, ಅಂತಸ್ತಿಲ್ಲ. ಹೇಳುವವನು ಮಾತ್ರ ಇದ್ದಾನೆ. ‘ನಗುತ್ತಾನೆ’, ‘ನಗುತ್ತಾಳೆ’, ‘ನಗುತ್ತಾರೆ’ ಎಂದ ಕೂಡಲೇ ಲಿಂಗವನ್ನೋ ಗೌರವವನ್ನೋ ಘೋಷಿಸಲೇಬೇಕು. ಹೊಸಬನು ತನ್ನ ಪಾತ್ರಕ್ಕೆ ತಾನೇ ‘ಆರೆ’ ಹಚ್ಚಿದರೆ ಅಹಂಕಾರವಾಗಿ ಕಾಣುತ್ತದೆ, ‘ಆನೆ’ ಹಚ್ಚಿದರೆ ಎದುರಿನವನಿಗೂ ಏಕವಚನದ ಪರವಾನಗಿ ಕೊಟ್ಟಂತಾಗುತ್ತದೆ. ಇಂಗ್ಲಿಷಿನ ಆಟಗಾರ ಎಂದೂ ಎದುರಿಸದ ಈ ಸಾಮಾಜಿಕ ನಿರ್ಧಾರ ಕನ್ನಡಿಗನಿಗೆ ಮೊದಲ ವಾಕ್ಯದಲ್ಲೇ ಎದುರಾಗುತ್ತದೆ. ‘ನಕ್ಕು, ಕದ ಮುಚ್ಚಿ, ಒಳಗೆ ಹೋಗಿ’ ಎಂದು ಕೃದಂತಗಳನ್ನು ಪೋಣಿಸುತ್ತ ಉತ್ತರವನ್ನು ಮುಂದೂಡಬಹುದು. ಈ ಮುಂದೂಡಿಕೆ ಕನ್ನಡಕ್ಕಿರುವ ಒಂದು ಸೊಗಸೂ ಹೌದು; ಆದರೂ ಪೂರ್ಣಕ್ರಿಯಾಪದ ಬಂದು ಲೆಕ್ಕ ಕೇಳದೆ ಬಿಡುವುದಿಲ್ಲ.

ಇಲ್ಲಿ ಕೊಲ್ಲಾಪುರ ಸೀಮೆಯ ಮರಾಠಿಯನ್ನು ಮರೆಯಬಾರದು. ಪುಣೆಯ ಹೆಣ್ಣುಮಗಳು ‘ಮೀ ಆಲೇ’ ಎನ್ನುವಲ್ಲಿ ಈ ಸೀಮೆಯ ಹೆಣ್ಣುಮಗಳು ‘ಮೀ ಆಲೋ’, ‘ಮೀ ಗೇಲೋ’ ಎನ್ನುತ್ತಾಳೆಂಬುದು ಎಲ್ಲರೂ ಬಲ್ಲ, ಹೊರಗಿನವರು ನಗೆಯಾಡುವ ಸಂಗತಿ. ಅವಳ ‘ನಾನು’ವಿಗೆ ಬೇರೆ ಸ್ತ್ರೀರೂಪವಿಲ್ಲ, ಅವಳನ್ನು ಕುರಿತು ಹೇಳುವಾಗ ಮಾತ್ರ ‘ತೀ ಆಲೀ’. ‘ಬಂದೆ’ಗೆ ಲಿಂಗವಿಲ್ಲದೆ, ‘ಬಂದಳು’ವಿಗೆ ಲಿಂಗವಿರುವ ಕನ್ನಡದ ವಿನ್ಯಾಸವೂ ಇದೇ. ಇದು ಕನ್ನಡದ ಪ್ರಭಾವವೇ ಎಂಬ ಚರ್ಚೆಗೆ ನಾನು ಇಲ್ಲಿ ಹೋಗುವುದಿಲ್ಲ. ಎರಡೂ ಭಾಷೆಯಾಡುವ ಗಡಹಿಂಗ್ಲಜದ ಆಟಗಾರ್ತಿಗೆ ‘ನಾನು’ ಎಂಬುದು ಎರಡು ಭಾಷೆಗಳಲ್ಲೂ ಮುಸುಕು ಹೊದ್ದ ಸ್ಥಾನವೆಂಬುದಷ್ಟೇ ನನಗೆ ಮುಖ್ಯ. ಪ್ರಥಮ ಪುರುಷದಲ್ಲೇ ಬರೆಯೆಂಬ ಬುದ್ಧಿಮಾತು ಅವಳಿಂದ ಆ ಮುಸುಕನ್ನು ಕಿತ್ತುಕೊಳ್ಳುತ್ತದೆ.

ಮುಸುಕಿನ ಬೆಲೆಯನ್ನು ಇಂಗ್ಲಿಷ್ ಆಟಗಾರರೂ ಅರಿತಿದ್ದರು. ಲ್ಯಾಮ್ಡಾಮೂದಲ್ಲಿ ಗಂಡು, ಹೆಣ್ಣು, ನಪುಂಸಕಗಳಲ್ಲದೆ ಬಹುವಚನ, ರಾಜಗೌರವದ ‘ನಾವು’, ಗಣಿತಜ್ಞ ಮೈಕೇಲ್ ಸ್ಪಿವಾಕ್ ಹೆಸರಿನ ನಿರ್ಲಿಂಗ ಸರ್ವನಾಮ ಮುಂತಾದ ಆಯ್ಕೆಗಳಿದ್ದವು. ಅಲ್ಲಿ ಹೊಸದಾಗಿ ಹೊಲಿಯಬೇಕಾದ ಬಟ್ಟೆ ಕನ್ನಡದ ಪೆಟ್ಟಿಗೆಯಲ್ಲಿ ಮೊದಲೇ ಮಡಿಚಿಟ್ಟಿದೆ: ‘ಅವರು ನಗುತ್ತಾರೆ’. ಮರಾಠಿಯ ಗೌರವವಾಚಿ ಕೂಡ ‘ತೇ’, ‘ತ್ಯಾ’ ಎಂದು ಲಿಂಗಕ್ಕೆ ತಕ್ಕಂತೆ ಬೇರೆಯಾಗುತ್ತದೆ. ನಮ್ಮ ‘ಅವರು’ ಆಗುವುದಿಲ್ಲ.

ಎದುರಿನವನ ಪಾತ್ರವನ್ನು ಆಳಬೇಡವೆಂಬ ನಾಲ್ಕನೆಯ ಬುದ್ಧಿಮಾತು ಮಾತ್ರ ಭಾಷಾತೀತ. ಅದರ ತೂಕ ತಿಳಿದದ್ದು ಕಹಿಯಾದ ರೀತಿಯಲ್ಲಿ. ಲ್ಯಾಮ್ಡಾಮೂದ ಒಬ್ಬ ಬಳಕೆದಾರ ಇತರರ ಪಾತ್ರಗಳ ಹೆಸರನ್ನೇ ಕರ್ತೃವಾಗಿಸಿ, ಅವರು ಮಾಡದ ಹೀನಕ್ರಿಯೆಗಳನ್ನು ಎಲ್ಲರೆದುರು ಮೂಡಿಸಿದ. ಆ ಪ್ರಕರಣವನ್ನು ಜೂಲಿಯನ್ ಡಿಬೆಲ್ 1993ರಲ್ಲಿ ಬರೆದ ಲೇಖನ ಇಂದಿಗೂ ಓದಬೇಕಾದದ್ದು. ಅದರಲ್ಲಿ ಆಯುಧವಾದದ್ದು ಪ್ರಥಮ ಪುರುಷದ ವಾಕ್ಯವೆಂಬುದನ್ನು ಗಮನಿಸಬೇಕು. ‘ನಾನು’ ಎಂದು ಆರಂಭವಾಗುವ ವಾಕ್ಯದಿಂದ ಇನ್ನೊಬ್ಬನ ಮೈಯನ್ನು ಹಾಗೆ ಕದಿಯಲಾಗದು.

‘ನಾನು’ ಎಂದೇ ಆಡುವ ಪಾತ್ರಾಭಿನಯಕ್ಕೆ ಕನ್ನಡದಲ್ಲಿ ದೊಡ್ಡ ನಿದರ್ಶನವಿದೆ. ಅದು ಕರಾವಳಿಯ ಮತ್ತು ಕಾಸರಗೋಡಿನ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ; ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಅರ್ಥಧಾರಿ ಕುಳಿತಲ್ಲೇ ವಾಲಿಯಾಗುತ್ತಾನೆ, ಸುಗ್ರೀವನಾಗುತ್ತಾನೆ. ಪದ್ಯ ಸ್ಥಿರ, ಅರ್ಥ ಆ ಕ್ಷಣದ್ದು. ವಾಲಿ ಸಾಯುತ್ತಾನೆಂಬುದು ಎಲ್ಲರಿಗೂ ಗೊತ್ತು. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದೇಕೆ ಎಂಬ ಅವನ ಪ್ರಶ್ನೆಗೆ ಇಂದಿನ ರಾಮ ಏನು ಹೇಳುತ್ತಾನೆಂಬುದು ಗೊತ್ತಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಯ ಎದುರು ಕುಳಿತವರು ಬರೆದು ತಂದದ್ದನ್ನು ಒಪ್ಪಿಸಿ ಪಾರಾಗುವಂತಿರಲಿಲ್ಲ. ಎದುರಾಳಿಯ ಮಾತನ್ನು ತಾನೇ ಆಡಿಬಿಡುವುದು, ಪದ್ಯವನ್ನು ಮೀರಿ ಕಥೆಯನ್ನು ಎಳೆಯುವುದು, ಪಾತ್ರಕ್ಕೆ ತಿಳಿದಿರಲಾರದ್ದನ್ನು ಪಾತ್ರದ ಬಾಯಲ್ಲಿ ಹೇಳಿಸುವುದು ಇಲ್ಲಿ ದೋಷಗಳು. ಹರಟೆಕೋಣೆಯ ಹೊಸಬನಿಗೂ ಇವನ್ನೇ ನಿಷೇಧಿಸುತ್ತಾರೆ. ಜ್ಯಾನೆಟ್ ಮರ್ರೆ 1997ರ ‘ಹ್ಯಾಮ್ಲೆಟ್ ಆನ್ ದಿ ಹೋಲೊಡೆಕ್’ ಕೃತಿಯಲ್ಲಿ ಗಣಕದ ಕಥನಕ್ಕೆ ಪೂರ್ವಜರನ್ನು ಹುಡುಕುತ್ತ ಮೌಖಿಕ ಮಹಾಕಾವ್ಯದ ಗಾಯಕರವರೆಗೆ, ಇಟಲಿಯ ಆಶುನಾಟಕದವರೆಗೆ ಹೋದರು. ಅವರಿಗೆ ಕಾಸರಗೋಡಿನ ಒಂದು ರಾತ್ರಿ ದೊರೆತಿದ್ದರೆ ವಾದ ಇನ್ನಷ್ಟು ಗಟ್ಟಿಯಾಗುತ್ತಿತ್ತು. ಆದರೆ ಹೋಲಿಕೆಗೆ ಮಿತಿಯೂ ಇದೆ: ತಾಳಮದ್ದಳೆಗೆ ಭಾಗವತರಿದ್ದಾರೆ, ಸಭೆಯಿದೆ, ಕೋಣೆಯಲ್ಲಿ ಅನೇಕ ವೇಳೆ ಎರಡೂ ಇಲ್ಲ.

ಕರಾವಳಿಯವರೆಗೆ ಹೋಗದೆಯೂ ಪಾಠ ಸಿಗುತ್ತದೆ. ಗಡಹಿಂಗ್ಲಜವನ್ನು ಹಾದ ಹಿರಣ್ಯಕೇಶಿ ಸಂಕೇಶ್ವರವನ್ನು ದಾಟಿ ಘಟಪ್ರಭೆಯನ್ನು ಸೇರುತ್ತದೆ. ಆ ಘಟಪ್ರಭೆಯ ಗೋಕಾಕ ಸೀಮೆಯಲ್ಲಿ ಕುಲಗೋಡ ತಮ್ಮಣ್ಣನ ಹೆಸರಿನೊಂದಿಗೆ ಶ್ರೀಕೃಷ್ಣ ಪಾರಿಜಾತ ಬೆಳೆಯಿತು. ಉತ್ತರ ಕರ್ನಾಟಕದ ದೊಡ್ಡಾಟದಲ್ಲಿ ರಂಗಕ್ಕೆ ಬಂದ ಪಾತ್ರವನ್ನು ಸಾರಥಿ ಹೆಸರೇನು, ಊರಾವುದು, ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ. ಪಾತ್ರ ತನ್ನನ್ನು ತಾನೇ ಹೇಳಿಕೊಳ್ಳುತ್ತದೆ, ‘ನಾನು’ ಎಂದು. ಹೊಸಬನಿಗೆ ವಯಸ್ಸು, ಎತ್ತರ, ಕಣ್ಣಿನ ಬಣ್ಣಗಳ ಪಟ್ಟಿ ತುಂಬಲು ಹೇಳುವುದಕ್ಕಿಂತ ಇದು ಎಷ್ಟೋ ಮೇಲು. ಪಟ್ಟಿಯನ್ನು ಯಾರೂ ಓದುವುದಿಲ್ಲ. ಪ್ರಶ್ನೆಗೆ ಕೊಟ್ಟ ಉತ್ತರವನ್ನು ಎಲ್ಲರೂ ಓದುತ್ತಾರೆ.

ದ್ವಿಭಾಷಿಕ ಕೋಣೆಯಲ್ಲಿ ಇಂಥ ವಿಚಾರಣೆಯ ಅಗತ್ಯ ಹೆಚ್ಚು. ‘ಆಯಿ ಬಾಗಿಲು ತೆಗೆದಳು’ ಎಂದು ಒಬ್ಬರು ಬರೆದರೆ ಈ ಭಾಗದ ಕನ್ನಡಿಗನ ಕಣ್ಣೆದುರು ಅಜ್ಜಿ ನಿಲ್ಲುತ್ತಾಳೆ, ಮರಾಠಿಗನ ಕಣ್ಣೆದುರು ತಾಯಿ. ನಾಲ್ಕು ಸರದಿ ಕಳೆದ ಮೇಲೆ ಅವಳ ಮಂಡಿನೋವಿನ ಪ್ರಸ್ತಾಪ ಬಂದಾಗಲೇ ಗುಟ್ಟು ರಟ್ಟಾಗುವುದು. ಲಿಪಿಯದು ಇನ್ನೊಂದು ತೊಡಕು. ಶಾಲೆಯಲ್ಲಿ ಕನ್ನಡ ಲಿಪಿ ಕಲಿಯದವನು ದೇವನಾಗರಿಯಲ್ಲೋ ರೋಮನ್ನಿನಲ್ಲೋ ಬರೆಯುತ್ತಾನೆ. ಮರಾಠಿ ಬರೆಯುವ ದೇವನಾಗರಿಯಲ್ಲಿ ಎಕಾರಕ್ಕೆ ಹ್ರಸ್ವದೀರ್ಘ ಭೇದವಿಲ್ಲದ ಕಾರಣ ಇಲ್ಲಿನ ಮಾತಿನ ‘ಕೆರಿ’ಯೂ ‘ಕೇರಿ’ಯೂ ಒಂದೇ ಆಗಿ, ಕೇರಿಯಲ್ಲಿ ನಡೆದವನು ಕೆರೆಯಲ್ಲಿ ಮುಳುಗಬಹುದು. ಇದಕ್ಕೆ ನಾವು ಹೆಚ್ಚು ಗಾಬರಿಯಾಗಬೇಕಿಲ್ಲ. ಸಂದರ್ಭ ಬಹುಪಾಲು ದಡ ಸೇರಿಸುತ್ತದೆ.

ಗಾಬರಿಯಾಗಬೇಕಾದದ್ದು ಬೇರೆಡೆ. ಈ ಆಟದ ಒಂದೊಂದು ಸರದಿಯಲ್ಲೂ ಎರಡು ಪದರಗಳಿವೆ: ಪಾತ್ರದ ಮಾತು ಮತ್ತು ಅದರ ಸುತ್ತಲ ನಿರೂಪಣೆ. ಮಾತು ಕನ್ನಡದಲ್ಲಿ, ನಿರೂಪಣೆ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಆಗುವ ಸೆಳೆತ ಗಡಿಭಾಗದ ಹೊಸಬನಿಗೆ ಸಹಜ, ಏಕೆಂದರೆ ಬರೆಯುವ ಭಾಷೆ ಅವನಿಗೆ ಅದೇ. ಆಗ ಕನ್ನಡಕ್ಕೆ ಉಳಿಯುವ ಪಾಲು ಹಳ್ಳಿಯವನ ಉದ್ಗಾರ, ಮುದುಕಿಯ ಬೈಗುಳ, ನಗೆಗಾರನ ಚಟಾಕಿ. ಸಂಸ್ಕೃತ ನಾಟಕಗಳು ರಾಜನಿಗೆ ಸಂಸ್ಕೃತವನ್ನೂ ಸ್ತ್ರೀಯರಿಗೆ, ಸೇವಕರಿಗೆ, ವಿದೂಷಕನಿಗೆ ಪ್ರಾಕೃತವನ್ನೂ ಹಂಚಿದ ಹಳೆಯ ಏರ್ಪಾಡನ್ನು ಯಾರೂ ಬಯಸದೆಯೇ ಮತ್ತೆ ಕಟ್ಟಿದಂತಾಗುತ್ತದೆ. ಅಲ್ಪಸಂಖ್ಯಾತ ಭಾಷೆಯ ಬಳಕೆಯನ್ನು ಅಳೆಯುವ ನಾವು ಕೋಣೆಯಲ್ಲಿ ಕನ್ನಡದ ವಾಕ್ಯಗಳೆಷ್ಟು ಎಂದು ಎಣಿಸಿ ತೃಪ್ತರಾದರೆ ಈ ಹಂಚಿಕೆ ನಮ್ಮ ಕಣ್ಣಿಗೇ ಬೀಳುವುದಿಲ್ಲ.

ಆದ್ದರಿಂದ ಹೊಸಬನು ತನ್ನ ಮನೆಯ ಕನ್ನಡದಲ್ಲೇ, ಉತ್ತಮ ಪುರುಷದಲ್ಲಿ, ನಿರೂಪಣೆಯಿಂದಲೇ ತೊಡಗುವುದು ಮೇಲೆಂದು ನನಗೆ ತೋರುತ್ತದೆ. ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಶಹಾಪುರದ ಒಂದು ವಿದ್ಯುತ್ ಮಗ್ಗದ ಕಾರ್ಖಾನೆ, ರಾತ್ರಿಪಾಳಿ. ಮೊದಲ ಆಟಗಾರ ಬರೆಯುತ್ತಾನೆ: ‘ಕರೆಂಟ್ ಹೋತು. ಮಗ್ಗ ಎಲ್ಲಾ ಒಮ್ಮೆಲೇ ಸುಮ್ಮನಾದವು. ನಾ ಲಾಳಿ ಕೈಯಾಗ ಹಿಡಕೊಂಡು ನಿಂತೇನಿ, ಬಾಗಿಲದಾಗ ಯಾರೋ ಬಂದಂಗಾತು.’ ಗಂಡೋ ಹೆಣ್ಣೋ, ಮಾಲೀಕನೋ ಆಳೋ ಇನ್ನೂ ತಿಳಿದಿಲ್ಲ. ಎದುರಿನ ಆಟಗಾರ ಮರಾಠಿಗನಾಗಿದ್ದರೆ ಲಾಳಿಯನ್ನು ‘ಧೋಟಾ’ ಎಂದಾನು, ಎನ್ನಲಿ. ಅವನೀಗ ಬಾಗಿಲಲ್ಲಿ ನಿಂತು, ಕತ್ತಲೆಯಲ್ಲಿರುವ ಈ ವ್ಯಕ್ತಿಯನ್ನು ‘ನೀ’ ಎನ್ನಬೇಕೋ ‘ನೀವು’ ಎನ್ನಬೇಕೋ ತೀರ್ಮಾನಿಸಬೇಕಾಗಿದೆ.