ಅಶ್ಲೀಲ ಮತ್ತು ಅವಮಾನ: ಸಂಸತ್ತಿನ ಒಂದು ಪ್ರಶ್ನೆಯನ್ನು ಓದುತ್ತಾ

ಸಂಸತ್ತಿನ ಪ್ರಶ್ನೋತ್ತರವನ್ನು ವಿಮರ್ಶೆಯ ಪಠ್ಯವಾಗಿ ಓದಬಹುದೇ? ಓದಲೇಬೇಕು ಅನ್ನುವುದು ನನ್ನ ವಾದ. ಯಾವ ಹಾಡು ಉಳಿಯಬೇಕು, ಯಾವ ಸಿನಿಮಾ ತೆರೆಗೆ ಬರಬೇಕು, ಯಾವ ಮಾತನ್ನು ಅಳಿಸಬೇಕು ಎಂದು ಇವತ್ತು ತೀರ್ಮಾನ ಕೊಡುವವರು ಕನ್ನಡ ವಿಭಾಗಗಳಲ್ಲಿ ಕೂತಿಲ್ಲ. ಅವರು ಸಂಸದೀಯ ಸಮಿತಿಗಳಲ್ಲಿದ್ದಾರೆ, ಸಚಿವಾಲಯಗಳಲ್ಲಿದ್ದಾರೆ, ಕಂಪನಿಗಳ ಕಚೇರಿಗಳಲ್ಲಿದ್ದಾರೆ. ಅವರ ಕೈಯಲ್ಲೂ ಒಂದು ಕಾವ್ಯಮೀಮಾಂಸೆ ಇದೆ. ಅದು ಯಾವುದು ಎಂದು ಕೇಳುವುದು ದಲಿತ ವಿಮರ್ಶೆಯ ಕೆಲಸವೇ.

2024ರ ನವೆಂಬರ್ 27ರಂದು ಲೋಕಸಭೆಯಲ್ಲಿ ಒಂದು ಪ್ರಶ್ನೆ ಬಂತು. ಸಾಮಾಜಿಕ ಜಾಲತಾಣಗಳಲ್ಲಿ ಹರಿದಾಡುವ ಅಶ್ಲೀಲವನ್ನು ತಡೆಯಲು ಈಗಿರುವ ವ್ಯವಸ್ಥೆ ಏನು, ಕಾನೂನನ್ನು ಇನ್ನಷ್ಟು ಬಿಗಿ ಮಾಡುತ್ತೀರಾ ಎಂದು. ಕೇಳಿದವರು ಮೀರತ್‌ನ ಸಂಸದ ಅರುಣ್ ಗೋವಿಲ್. 1987ರಲ್ಲಿ ದೂರದರ್ಶನದ ರಾಮಾಯಣದಲ್ಲಿ ರಾಮನಾಗಿ ಊರಿಗೂರನ್ನೇ ಟಿವಿ ಮುಂದೆ ಕೂರಿಸಿದ ನಟ. (ನಾನಿನ್ನೂ ಹುಟ್ಟಿರಲಿಲ್ಲ. ಟಿವಿ ಇದ್ದ ಮನೆಯ ಕಿಟಕಿಯಾಚೆ ನಿಂತು ಕೇರಿಯವರು ನೋಡುತ್ತಿದ್ದರು ಎಂದು ಅಮ್ಮ ಹೇಳುತ್ತಿರುತ್ತಾಳೆ.) ಸಚಿವ ಅಶ್ವಿನಿ ವೈಷ್ಣವ್ ಉತ್ತರದಲ್ಲಿ ಎರಡು ಮಾತು ಮುಖ್ಯವಾಗಿದ್ದವು. ಒಂದು, ಮೊದಲು ಸಂಪಾದಕರ ತಪಾಸಣೆ ಇತ್ತು, ಯಾವುದು ಸರಿ ಯಾವುದು ತಪ್ಪು ಎಂದು ನೋಡುವವರಿದ್ದರು, ಈಗ ಅದು ಹೋಗಿಬಿಟ್ಟಿದೆ. ಎರಡು, ಈ ಜಾಲತಾಣಗಳು ಹುಟ್ಟಿದ ದೇಶಗಳ ಸಂಸ್ಕೃತಿ ಬೇರೆ, ನಮ್ಮ ದೇಶದ್ದು ಬೇರೆ. ಆದ್ದರಿಂದ ಕಾನೂನು ಬಿಗಿಯಾಗಬೇಕು, ಸ್ಥಾಯಿ ಸಮಿತಿ ಇದನ್ನು ಕೈಗೆತ್ತಿಕೊಳ್ಳಬೇಕು.

ಮೊದಲ ಮಾತಿನ ಹತ್ತಿರ ಸ್ವಲ್ಪ ನಿಲ್ಲೋಣ. ಸಂಪಾದಕರ ಜರಡಿ ಹೋಯಿತು ಎಂಬ ಮರುಕ ಯಾರದ್ದು? ಆ ಜರಡಿಯಲ್ಲಿ ನಾವು ಯಾವತ್ತೂ ಕೆಳಕ್ಕೆ ಉದುರಿದವರೇ. ದೊಡ್ಡ ಪತ್ರಿಕೆಗಳು ಇದು ಭಾಷೆಯೇ ಅಲ್ಲ ಎಂದು ಬದಿಗಿಟ್ಟದ್ದರಿಂದಲೇ ಇಂಥ ಸಣ್ಣ ಪತ್ರಿಕೆಗಳು ಹುಟ್ಟಿದ್ದು. ದಲಿತ ಸಚಿವರೊಬ್ಬರು ಸಾಹಿತ್ಯವನ್ನು ಜರಡಿ ಹಿಡಿದಾಗ ಏನಾಯಿತು ಅನ್ನುವುದೂ ನಮಗೆ ಗೊತ್ತಿದೆ. 1973ರಲ್ಲಿ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದರು, ಕುರ್ಚಿ ಬಿಡಬೇಕಾಯಿತು. ಇವತ್ತಿನ ಸಚಿವರು ಅದೇ ಕೆಲಸ ಮಾಡಿದರೆ ಅದು ಸುರಕ್ಷತೆಯ ಕಾನೂನಾಗುತ್ತದೆ.

ಈಗ ‘ಅಶ್ಲೀಲ’ ಎಂಬ ಪದಕ್ಕೆ ಬರುತ್ತೇನೆ. ಇದು ನಮಗೆ ಸಂಸ್ಕೃತ ಕಾವ್ಯಶಾಸ್ತ್ರದಿಂದ ಬಂದದ್ದು. ಮಮ್ಮಟನ ಕಾವ್ಯಪ್ರಕಾಶವನ್ನು ಎಂ.ಎ.ಯಲ್ಲಿ ಓದಿದವರಿಗೆ ನೆನಪಿರುತ್ತದೆ, ಪದದೋಷಗಳ ಪಟ್ಟಿಯಲ್ಲಿ ‘ಅಶ್ಲೀಲ’ ಮತ್ತು ‘ಗ್ರಾಮ್ಯ’ ಹತ್ತಿರ ಹತ್ತಿರವೇ ಬರುತ್ತವೆ. ಅಶ್ಲೀಲದಲ್ಲಿ ಮೂರು ಬಗೆ. ವ್ರೀಡೆ ಹುಟ್ಟಿಸುವುದು, ಅಂದರೆ ನಾಚಿಕೆ ತರುವುದು, ಜುಗುಪ್ಸೆ ಹುಟ್ಟಿಸುವುದು, ಅಮಂಗಳವನ್ನು ಸೂಚಿಸುವುದು. ಪರೀಕ್ಷೆಗೆ ಇಷ್ಟನ್ನು ಬಾಯಿಪಾಠ ಮಾಡಿದರೆ ಸಾಕು. ಆದರೆ ಇದನ್ನು ಕೇರಿಯಿಂದ ಓದಿ ನೋಡಿ. ಸತ್ತ ದನ, ಹಸಿ ಚರ್ಮ, ಮಲದ ಗುಂಡಿ ಜುಗುಪ್ಸೆ. ಹೆಣದ ಮುಂದಿನ ತಮಟೆ, ಸುಡುಗಾಡಿನ ಕೆಲಸ ಅಮಂಗಳ. ನಮ್ಮ ಹೆಂಗಸರ ಬಾಯಲ್ಲಿ ಸಲೀಸಾಗಿ ಬರುವ ಮಾತು ವ್ರೀಡೆ. ಉಳಿದದ್ದೇನಾದರೂ ಇದ್ದರೆ ಅದು ಗ್ರಾಮ್ಯ! ಒಂದು ಸಮುದಾಯದ ಇಡೀ ಬದುಕೇ ದೋಷಗಳ ಪಟ್ಟಿಯಲ್ಲಿ ಬಿದ್ದಿದೆ. ಮಮ್ಮಟ ನಮ್ಮನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಎಂದು ನಾನು ಹೇಳುತ್ತಿಲ್ಲ. ನಾವು ಅವನ ಮನಸ್ಸಿನಲ್ಲಿ ಇರಲೇ ಇಲ್ಲ. ಸಿದ್ದಲಿಂಗಯ್ಯನವರ ಬೈಗುಳವನ್ನೂ ದೇವನೂರರ ನುಡಿಯನ್ನೂ ಕಂಡು ಶಿಷ್ಟರು ಮುಖ ಸಿಂಡರಿಸಿದಾಗ ಕೆಲಸ ಮಾಡಿದ್ದು ಇದೇ ಜರಡಿ. ಇಂದಿನ ಕಾನೂನಿನಲ್ಲಿ ಅಶ್ಲೀಲ ಅಂದರೆ ಕಾಮವನ್ನು ಕೆರಳಿಸುವುದು ಎಂಬ ಕಿರಿದಾದ ಅರ್ಥವೇ ಇದೆ, ನಿಜ. ಆದರೆ ಸದನದಲ್ಲಿ ಅದರ ಪಕ್ಕಕ್ಕೆ ‘ನಮ್ಮ ಸಂಸ್ಕೃತಿ’ ಬಂದು ಕೂತ ಕೂಡಲೇ ಹಳೆಯ ಮೂರು ಬಗೆಗಳೂ ಹಿಂಬಾಗಿಲಿನಿಂದ ಒಳಗೆ ಬರುತ್ತವೆ.

ನನ್ನ ತರಗತಿಯ ಹುಡುಗನೊಬ್ಬ ತಮಟೆ ಬಡಿಯುತ್ತಾನೆ. ಚೆನ್ನಾಗಿಯೇ ಬಡಿಯುತ್ತಾನೆ. ಕಾಲೇಜು ಹಬ್ಬದಲ್ಲಿ ಬಡಿದ ತುಣುಕೊಂದನ್ನು ಜಾಲತಾಣದಲ್ಲಿ ಹಾಕಿದ್ದ. ಕೆಳಗೆ ಬಂದ ಮಾತುಗಳು: ‘ಹೆಣ ಎಲ್ಲಿ?’ ‘ಯಾರ್ ಮನೇಲಿ ಸತ್ರು?’ ‘ಯಾವ ಕೇರಿ ಗುರು?’ ದೂರು ಕೊಟ್ಟ. ಇದರಲ್ಲಿ ನಮ್ಮ ನಿಯಮಕ್ಕೆ ವಿರುದ್ಧವಾದದ್ದೇನೂ ಇಲ್ಲ ಎಂಬ ಉತ್ತರ ಬಂತು. ಯಾವ ಕಂಪನಿ ಅನ್ನುವುದು ಬೇಡ, ಅದು ಇಲ್ಲಿ ಮುಖ್ಯವಲ್ಲ. ನೋಡಿ, ಈ ಮೂರು ಮಾತಿನಲ್ಲಿ ಒಂದೂ ಕೆಟ್ಟ ಪದವಿಲ್ಲ, ಜಾತಿಯ ಹೆಸರೂ ಇಲ್ಲ. ಯಾವ ನಿಘಂಟು ಹಿಡಿದು ಹುಡುಕಿದರೂ ಸಿಗುವುದಿಲ್ಲ. ‘ಯಾವ ಕೇರಿ’ ಎಂಬುದು ವ್ಯಾಕರಣದಲ್ಲಿ ಬರೀ ಪ್ರಶ್ನೆ. ಆದರೆ ಕೇಳಿಸಿಕೊಂಡವನು ಆ ಕ್ಷಣಕ್ಕೆ ಕಲಾವಿದನಾಗಿ ಉಳಿಯುವುದಿಲ್ಲ, ಹೆಣದ ಮುಂದಿನ ಆಳಾಗುತ್ತಾನೆ. ಅವಮಾನದ ಸ್ವರೂಪವೇ ಹೀಗೆ. ಅದು ಪದದಲ್ಲಿ ಇರುವುದಿಲ್ಲ, ಯಾರು ಯಾರಿಗೆ ಹೇಳಿದರು ಎಂಬ ಸಂಬಂಧದಲ್ಲಿರುತ್ತದೆ. ಧ್ವನಿಯೇ ಕಾವ್ಯದ ಆತ್ಮ ಎಂದು ಸಾವಿರ ವರ್ಷದಿಂದ ಪಾಠ ಹೇಳುತ್ತಿರುವ ನಾಡಿಗೆ ಈ ಧ್ವನಿ ಮಾತ್ರ ಕೇಳಿಸುವುದಿಲ್ಲವಲ್ಲ!

ಫೇಸ್‌ಬುಕ್, ಯೂಟ್ಯೂಬ್‌ಗಳ ದ್ವೇಷದ ಮಾತಿನ ನೀತಿಯಲ್ಲಿ ರಕ್ಷಣೆ ಪಡೆದ ಗುರುತುಗಳ ಪಟ್ಟಿ ಇದೆ, ಅದರಲ್ಲಿ ಜಾತಿಯೂ ಇದೆ. ಪಟ್ಟಿ ಕಾಗದದ್ದು. ನಮ್ಮ 22 ಅಧಿಕೃತ ಭಾಷೆಗಳಲ್ಲಿ ಐದಕ್ಕೆ ಮಾತ್ರ ಫೇಸ್‌ಬುಕ್ ತನ್ನ ಯಂತ್ರಗಳನ್ನು ತರಬೇತಿಗೊಳಿಸಿತ್ತು ಎಂದು 2021ರ ಅಕ್ಟೋಬರ್‌ನಲ್ಲಿ ಹೊರಬಿದ್ದ ಅದರದ್ದೇ ದಾಖಲೆಗಳು ಹೇಳಿದವು. ಸರಿ, ಅಮೆರಿಕದ ಕಂಪನಿಯನ್ನು ಬಿಡೋಣ. ನಮ್ಮ ಸರ್ಕಾರದ ಪಟ್ಟಿ ಹೇಗಿದೆ? 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಮೂರನೆಯ ನಿಯಮದಲ್ಲಿ ಯಾವ ಬಗೆಯ ವಿಷಯ ಇರಕೂಡದು ಎಂಬ ಸಾಲೊಂದಿದೆ. ಅಶ್ಲೀಲ ಇರಕೂಡದು. ಲಿಂಗದ ಆಧಾರದ ಮೇಲೆ ಅವಮಾನಿಸುವುದು ಇರಕೂಡದು. ಜನಾಂಗೀಯವಾಗಿ ಆಕ್ಷೇಪಾರ್ಹವಾದದ್ದು ಇರಕೂಡದು. ಜಾತಿ ಎಲ್ಲಿ? ಅದು 2022ರ ಅಕ್ಟೋಬರ್ ತಿದ್ದುಪಡಿಯಲ್ಲಿ ಬಂತು, ಆದರೆ ಬೇರೆ ವೇಷದಲ್ಲಿ: ಹಿಂಸೆಗೆ ಪ್ರಚೋದಿಸುವ ಉದ್ದೇಶದಿಂದ ಧರ್ಮ ಅಥವಾ ಜಾತಿಯ ಆಧಾರದಲ್ಲಿ ಗುಂಪುಗಳ ನಡುವೆ ವೈರ ಬೆಳೆಸುವುದು. ಅಂದರೆ ಹೆಣ್ಣನ್ನು ಹೆಣ್ಣೆಂದು ಅವಮಾನಿಸಿದರೆ ಅವಮಾನವೇ ತಪ್ಪು. ದಲಿತನನ್ನು ಅವಮಾನಿಸಿದರೆ, ಜೊತೆಗೆ ದೊಂಬಿಯ ಉದ್ದೇಶವೂ ಇದ್ದರೆ ಮಾತ್ರ ತಪ್ಪು! ಜಾತಿಯನ್ನು ಎರಡು ಸಮಾನ ಗುಂಪುಗಳ ಜಗಳವೆಂದು ಈ ಸಾಲು ಓದಿಕೊಂಡಿದೆ. ಮೇಲು ಕೀಳು ಅದಕ್ಕೆ ಕಾಣಿಸಿಲ್ಲ. ‘ಯಾವುದೇ ಕಾನೂನನ್ನು ಮುರಿಯುವ ವಿಷಯ’ ಎಂಬ ದೊಡ್ಡ ಬುಟ್ಟಿಯೂ ಅಲ್ಲೇ ಇದೆ, ದೌರ್ಜನ್ಯ ತಡೆ ಕಾಯ್ದೆ ಅದರೊಳಗೆ ಬರುತ್ತದೆ ಎಂದು ವಕೀಲ ಗೆಳೆಯರೊಬ್ಬರು ವಾದಿಸಿದರು. ಬರಬಹುದು. ಅಶ್ಲೀಲಕ್ಕೆ ಹೆಸರು ಹಿಡಿದು ಕರೆದ ಜಾಗವಿದ್ದು ನಮಗೆ ಬುಟ್ಟಿ ಯಾಕೆ ಎಂಬುದಷ್ಟೇ ನನ್ನ ತಕರಾರು.

ಈ ಕುರುಡನ್ನು ತಕ್ಕಮಟ್ಟಿಗಾದರೂ ದಾಟಿರುವುದು 1989ರ ದೌರ್ಜನ್ಯ ತಡೆ ಕಾಯ್ದೆಯೇ. ‘ಸಾರ್ವಜನಿಕರ ಕಣ್ಣಿಗೆ ಬೀಳುವ ಸ್ಥಳ’ ಎಂಬ ಅದರ ಮಾತು ಹಳ್ಳಿಯ ಬೀದಿಯನ್ನು, ಬಾವಿಕಟ್ಟೆಯನ್ನು ನೆನೆದು ಬರೆದದ್ದು. ಫೇಸ್‌ಬುಕ್ ಗೋಡೆಯೂ ಅಂಥ ಸ್ಥಳವಾಗಬಹುದು ಎಂದು 2017ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ನೊಂದವರು ಎದುರಿಗೇ ನಿಂತಿರಬೇಕಿಲ್ಲ, ಜಾಲದಲ್ಲಿದ್ದರೆ ಸಾಕು ಎಂದು 2022ರಲ್ಲಿ ಕೇರಳ ಹೈಕೋರ್ಟ್ ಹೇಳಿತು. ದಾರಿ ನೇರವಾಗಿಲ್ಲ. 2023ರ ಆಗಸ್ಟ್‌ನಲ್ಲಿ ಕನ್ನಡದ ನಟ ಉಪೇಂದ್ರ ಫೇಸ್‌ಬುಕ್ ನೇರಪ್ರಸಾರದಲ್ಲಿ ಊರು ಮತ್ತು ಕೇರಿಯ ಗಾದೆಯೊಂದನ್ನು ಬಳಸಿದರು. ಪ್ರತಿಭಟನೆ ಎದ್ದಿತು. ಅವರು ವಿಡಿಯೋ ತೆಗೆದು ಕ್ಷಮೆ ಕೇಳಿದರು. ಎಫ್‌ಐಆರ್ ದಾಖಲಾಯಿತು, ಹೈಕೋರ್ಟ್ ತಡೆ ಕೊಟ್ಟಿತು. ಅವರ ಮನಸ್ಸಿನಲ್ಲಿ ಏನಿತ್ತು ಎಂಬುದು ನನಗೆ ಬೇಡ. ವಿಮರ್ಶಕನಾಗಿ ನನಗೆ ಬೇಕಾದದ್ದು ಆ ಗಾದೆ. ಅದರಲ್ಲೂ ಅಶ್ಲೀಲ ಎನ್ನಬಹುದಾದ ಪದವಿಲ್ಲ. ಊರಿದ್ದಲ್ಲಿ ಕೊಳಕು ಇದ್ದೇ ಇರುತ್ತದೆ ಎಂಬ ಅರ್ಥ ಬರಬೇಕಾದ ಕಡೆ ಕೊಳಕಿಗೆ ಬದಲು ನಾವು ನಿಲ್ಲುತ್ತೇವೆ, ಅಷ್ಟೆ. ಭಾಷೆಯೇ ಆ ಕೆಲಸ ಮಾಡಿಟ್ಟಿದೆ. ಅದನ್ನು ಯಾವ ಸಮಿತಿ ಕರೆಸಿ ವಿಚಾರಿಸುತ್ತದೆ?

ಹಾಗಾದರೆ ಕಾನೂನನ್ನು ಇನ್ನಷ್ಟು ಬಿಗಿ ಮಾಡಿ ಎಂದು ನಾವೂ ಕೂಗಬೇಕೇ? ಇಲ್ಲೇ ನನಗೆ ಭಯ. ಅಶ್ಲೀಲದ ಹೆಸರಿನಲ್ಲಿ 2024ರ ಮಾರ್ಚ್‌ನಲ್ಲಿ 18 ಒಟಿಟಿ ವೇದಿಕೆಗಳನ್ನು ಮುಚ್ಚಿಸಿದರು. ಅವು ಹೋದದ್ದಕ್ಕೆ ನನಗೇನೂ ದುಃಖವಿಲ್ಲ. ಆದರೆ ಕತ್ತರಿ ಹಿಡಿದ ಕೈಗೆ ನಮ್ಮ ಚಿತ್ರಗಳು ಸಿಕ್ಕಾಗ ಏನಾಗುತ್ತದೆ? ‘ಫುಲೆ’ ಚಿತ್ರ 2025ರ ಏಪ್ರಿಲ್ 11ರಂದು, ಜೋತಿಬಾ ಹುಟ್ಟಿದ ದಿನ, ಬರಬೇಕಿತ್ತು. ಬ್ರಾಹ್ಮಣ ಸಂಘಟನೆಗಳ ಆಕ್ಷೇಪ ಬಂತು, 25ಕ್ಕೆ ಹೋಯಿತು. ಸೆನ್ಸಾರ್ ಮಂಡಳಿ ತೆಗೆಸಿದ ಪದಗಳು ಯಾವುವು? ಮಹಾರ್, ಮಾಂಗ್, ಪೇಶ್ವಾಯಿ. ಮೂರು ಸಾವಿರ ವರ್ಷಗಳ ಗುಲಾಮಗಿರಿ ಎಂಬುದು ‘ಎಷ್ಟೋ ವರ್ಷಗಳ’ ಗುಲಾಮಗಿರಿ ಆಯಿತು. ಜಾತಿಯ ಹೆಸರು ಬೀದಿಯಲ್ಲಿ ಬೈಗುಳವಾಗಿ ಬಂದಾಗ ಸುಮ್ಮನಿರುವ ವ್ಯವಸ್ಥೆ, ಅದೇ ಹೆಸರು ಚರಿತ್ರೆಯಾಗಿ ತೆರೆಗೆ ಬಂದಾಗ ಎಚ್ಚರವಾಗುತ್ತದೆ. ಸಂಧ್ಯಾ ಸೂರಿಯವರ ‘ಸಂತೋಷ್’, ದಲಿತ ಹುಡುಗಿಯೊಬ್ಬಳ ಕೊಲೆಯ ತನಿಖೆಯ ಕಥೆ, ಇನ್ನೂ ದುರದೃಷ್ಟದ್ದು. ಬ್ರಿಟನ್ ಅದನ್ನು ಆಸ್ಕರ್‌ಗೆ ಕಳಿಸಿತು, ಇಲ್ಲಿ ಪ್ರಮಾಣಪತ್ರವೇ ಸಿಗಲಿಲ್ಲ. ಒಟಿಟಿಗೆ ಸೆನ್ಸಾರ್ ಪ್ರಮಾಣಪತ್ರ ಬೇಕಿಲ್ಲ. ಆದರೂ 2025ರ ಅಕ್ಟೋಬರ್‌ನಲ್ಲಿ ಅಲ್ಲಿ ಬರಬೇಕಿದ್ದದ್ದೂ ನಿಂತಿತು. ‘ಫುಲೆ’ ತೆರೆಕಂಡ ಮರುವಾರವೇ ಮುಂಬೈಯಲ್ಲಿ ವೇವ್ಸ್ ಸಮ್ಮೇಳನ ನಡೆಸಿ ಸೃಜನಶೀಲ ಉದ್ಯಮಗಳ ಹೊಸ ಯುಗ ಬಂತು ಎಂದರು. ಸೃಜನಶೀಲತೆ ಉದ್ಯಮವಾಗುವಾಗ ಅದರ ಜಾತಿ ಕೇಳಬಾರದೇನೋ.

ಕೋರ್ಟು ಈ ವಿಷಯದಲ್ಲಿ ಸಂಸದರಿಗಿಂತ ಒಳ್ಳೆಯ ವಿಮರ್ಶಕನಾಗಿದೆ. 2024ರ ಮಾರ್ಚ್‌ನಲ್ಲಿ, ‘ಕಾಲೇಜ್ ರೊಮ್ಯಾನ್ಸ್’ ಎಂಬ ವೆಬ್ ಸರಣಿಯ ಪ್ರಕರಣದಲ್ಲಿ, ಬೈಗುಳ ಬೇರೆ, ಅಶ್ಲೀಲ ಬೇರೆ, ಒರಟು ಮಾತಿದ್ದ ಮಾತ್ರಕ್ಕೆ ಅಪರಾಧವಾಗದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಶ್ರೀಮಂತ ಹುಡುಗರ ಬೈಗುಳವನ್ನು ಉಳಿಸಿದ ತೀರ್ಪು ಎನ್ನಬಹುದು. ಇರಲಿ, ಅದು ನಮ್ಮ ಅಜ್ಜಿಯ ಬೈಗುಳವನ್ನೂ ಉಳಿಸುತ್ತದೆ. ಇನ್ನು ಮಾಡಬೇಕಾದದ್ದು ಮತ್ತೊಂದು ಬಿಡಿಸುವಿಕೆ: ಬೈಗುಳ ಬೇರೆ, ಅವಮಾನ ಬೇರೆ. ಕೆಳಗಿನವನು ಮೇಲಿನವನಿಗೆ ಬೈದದ್ದಕ್ಕೂ ಮೇಲಿನವನು ಕೆಳಗಿನವನನ್ನು ‘ಯಾವ ಕೇರಿ’ ಎಂದದ್ದಕ್ಕೂ ಒಂದೇ ತಕ್ಕಡಿ ಹಿಡಿದರೆ, ಮೊದಲನೆಯವನಿಗೇ ಮೊದಲು ಶಿಕ್ಷೆ. ನಮ್ಮ ರಾಜ್ಯದ್ದೇ ದ್ವೇಷ ಭಾಷಣ ಮಸೂದೆ 2025ರ ಡಿಸೆಂಬರ್‌ನಲ್ಲಿ ಬೆಳಗಾವಿಯಲ್ಲಿ ಗದ್ದಲದ ನಡುವೆ ಪಾಸಾಯಿತು. ಅದರಲ್ಲಿ ಜಾತಿ ಎಂಬ ಪದ ಇದೆ, ಸಂತೋಷ. ಯಾರಿಂದ ಯಾರಿಗೆ ಎಂಬ ಪ್ರಶ್ನೆಯನ್ನು ಯಾರೂ ನಿಧಾನವಾಗಿ ಚರ್ಚಿಸಿದ್ದನ್ನು ನಾನು ಕಾಣಲಿಲ್ಲ.

ಸಮಿತಿಗಳು ಕಂಪನಿಯವರನ್ನು ಕರೆಸುತ್ತವೆ, ಸಚಿವಾಲಯದ ಅಧಿಕಾರಿಗಳನ್ನು ಕರೆಸುತ್ತವೆ. ತಮಟೆಯವನನ್ನೂ ಒಂದು ದಿನ ಕರೆಸಿ ಕೂರಿಸಿ, ಆ ಮೂರು ಮಾತನ್ನು ಅವನ ಎದುರಿಗೆ ಓದಿ, ಇವುಗಳಲ್ಲಿ ತಪ್ಪೇನಿದೆ ಎಂದು ಕೇಳಲಿ. ಅಲ್ಲಿಯವರೆಗೆ ಮೂರನೆಯ ನಿಯಮದ ಆ ಸಾಲಿನಲ್ಲಿ ‘ಲಿಂಗ’ದ ಪಕ್ಕ ‘ಅಥವಾ ಜಾತಿ’ ಎಂಬ ಎರಡು ಪದ ಸೇರಿಸಲು ಯಾವ ಅಡ್ಡಿಯೂ ಇಲ್ಲ.