ಕೀಲಿ ಕೊಟ್ಟ ಡ್ರೈವರ್, ಹೊಣೆ ಹೊತ್ತ ಡ್ರೈವರ್

ಅಂಗೈಯಗಲದ ಬೀಗಲ್‌ಬೋನ್ ಬ್ಲ್ಯಾಕ್ ಬೋರ್ಡು 2013ರಲ್ಲಿ ಬಂತು. ಅದರ ಎದೆಯಲ್ಲಿರುವುದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಎಎಂ335ಎಕ್ಸ್ ಸರಣಿಯ ಚಿಪ್. ಲಿನಕ್ಸ್ ಓಡುವುದು ಅದರ ಒಂದು ಗಿಗಾಹರ್ಟ್ಸ್ ವೇಗದ ಆರ್ಮ್ ಪ್ರೊಸೆಸರಿನ ಮೇಲೆ. ಅದೇ ಚಿಪ್ಪಿನೊಳಗೆ ಪಿಆರ್‌ಯು ಎಂಬ ಇನ್ನೆರಡು ಪುಟ್ಟ ಪ್ರೊಸೆಸರುಗಳಿವೆ. ವೇಗ 200 ಮೆಗಾಹರ್ಟ್ಸ್ ಮಾತ್ರ. ಪ್ರೋಗ್ರಾಮಿಗೆ ತಲಾ 8 ಕಿಲೋಬೈಟ್, ಡೇಟಾಕ್ಕೆ ತಲಾ 8 ಕಿಲೋಬೈಟ್, ಜೊತೆಗೆ ಎರಡೂ ಹಂಚಿಕೊಳ್ಳಲು 12 ಕಿಲೋಬೈಟ್ ಜಾಗ. ಆದರೆ ಲೆಕ್ಕದ ಒಂದೊಂದು ಇನ್‌ಸ್ಟ್ರಕ್ಷನ್ನೂ ಕರಾರುವಾಕ್ಕಾಗಿ 5 ನ್ಯಾನೋಸೆಕೆಂಡಿನಲ್ಲಿ ಮುಗಿಯುತ್ತದೆ. ಡಬ್ಲ್ಯುಎಸ್2812 ಬಗೆಯ ಬಣ್ಣದ ಎಲ್‌ಇಡಿ ಸರಕ್ಕೆ ಒಂದು ಬಿಟ್ ಕಳಿಸಲು ಸಿಗುವ ಅವಧಿ 1.25 ಮೈಕ್ರೊಸೆಕೆಂಡ್. ಆ ಗಳಿಗೆಯಲ್ಲಿ ಲಿನಕ್ಸ್ ಬೇರೆ ಕೆಲಸಕ್ಕೆ ತಿರುಗಿತೋ, ಬಣ್ಣ ಕೆಟ್ಟಿತು. ಪಿಆರ್‌ಯುಗೆ ಅಷ್ಟರಲ್ಲಿ 250 ಇನ್‌ಸ್ಟ್ರಕ್ಷನ್ ನಡೆಸುವಷ್ಟು ಪುರಸೊತ್ತಿದೆ.

ಈ ಪುಟ್ಟ ಪ್ರೊಸೆಸರುಗಳಿಗೆ ಪ್ರೋಗ್ರಾಮು ತುಂಬಿ, ಓಡಿಸಿ, ನಿಲ್ಲಿಸಿ, ಅವು ಕೂಗಿದಾಗ ಓಗೊಡಲು ಕರ್ನೆಲ್ಲಿನಲ್ಲಿ ಡ್ರೈವರ್ ಬೇಕು. ಲಿನಕ್ಸಿನಲ್ಲಿ ಇದಕ್ಕೆ ಎರಡು ಡ್ರೈವರುಗಳು ಬಂದವು, ನಡುವೆ ಸುಮಾರು ಹತ್ತು ವರ್ಷದ ಅಂತರ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಸಾಲುಸಾಲಾಗಿ ಓದಿದ ಮೇಲೆ ನನಗೆ ಮುಖ್ಯವೆನಿಸಿದ ಪ್ರಶ್ನೆ ‘ಕೆಲಸ ಮಾಡುತ್ತದೆಯೇ’ ಎಂಬುದಲ್ಲ. ಎರಡೂ ಕೆಲಸ ಮಾಡುತ್ತವೆ. ಚಿಪ್ಪಿನ ತೊಡಕುಗಳನ್ನು ಡ್ರೈವರ್ ತಾನು ಹೊರುತ್ತದೆಯೇ, ಬಳಸುವವರ ತಲೆಗೆ ಕಟ್ಟುತ್ತದೆಯೇ ಎಂಬುದೇ ಪ್ರಶ್ನೆ.

ಮೊದಲನೆಯದು 2011ರಲ್ಲಿ, 2.6.39ನೇ ಆವೃತ್ತಿಯಲ್ಲಿ ಬಂದ ಯುಐಒ ಬಗೆಯ ಡ್ರೈವರ್. ಬರೆದದ್ದು ಒಎಂಎಪಿ-ಎಲ್138 ಚಿಪ್ಪಿಗೆ. ಮುಂದೆ ಬೀಗಲ್‌ಬೋನ್ ಬಳಗದವರು ಅದನ್ನೇ ತಿದ್ದಿ ಬಳಸಿದರು. ಅದರ ಕೆಲಸ ಇಷ್ಟೇ: ಪಿಆರ್‌ಯುವಿನ ಮೆಮೊರಿ ಮತ್ತು ರಿಜಿಸ್ಟರುಗಳನ್ನು ಹಾಗೇ ತೆರೆದು ಬಳಕೆದಾರರ ಪ್ರೋಗ್ರಾಮಿನ ಮುಂದಿಡುವುದು, ಅದರ ಕೂಗುಗಳಾದ ಎಂಟು ಇಂಟರಪ್ಟುಗಳನ್ನು ದಾಟಿಸುವುದು. ಮನೆಯ ಕೀಲಿಗೊಂಚಲನ್ನೇ ಕೈಗಿತ್ತ ಹಾಗೆ. ಈ ಧಾರಾಳದಿಂದ ಆದ ಉಪಕಾರ ದೊಡ್ಡದು. ಕರ್ನೆಲ್ ಅರಿಯದವರೂ ಸ್ಟೆಪರ್ ಮೋಟರ್ ತಿರುಗಿಸಿದರು, ಎಲ್‌ಇಡಿ ಗೋಡೆ ಬೆಳಗಿಸಿದರು.

ಆದರೆ ಇಂಟರಪ್ಟ್ ಬಂದಾಗ ಓಡುವ ಭಾಗವನ್ನು ನೋಡಿ. ಯಾವ ಇಂಟರಪ್ಟ್ ಬಂತೆಂದು ತಿಳಿಯಲು ಅದು ಬಂದ ಸಂಖ್ಯೆಯಿಂದ ಮೊದಲ ಸಂಖ್ಯೆಯನ್ನು ಕಳೆದು ಎರಡು ಕೂಡಿಸುತ್ತದೆ. ಎರಡು ಏಕೆಂದರೆ, ಹತ್ತು ಇಂಟರಪ್ಟ್ ಸಾಲುಗಳಲ್ಲಿ ಮೊದಲೆರಡು ಪಿಆರ್‌ಯುಗಳಿಗೇ ಮೀಸಲು. ಅಲ್ಲಿಗೆ ಸರಿ. ಎಂಟು ಸಂಖ್ಯೆಗಳೂ ಒಂದರ ಹಿಂದೊಂದು ಬಂದೇ ಬರುತ್ತವೆಂಬ ಊಹೆ ಮಾತ್ರ ಸರಿಯಲ್ಲ. ಡ್ರೈವರ್ ಹುಟ್ಟಿದ ಚಿಪ್ಪಿನಲ್ಲಿ ಅದು ನಿಜ, ಬೇರೆ ಕಡೆ ಕರ್ನೆಲ್ ಹಾಗೆ ಹಂಚಿಕೊಡುವ ಭರವಸೆಯಿಲ್ಲ. ಒಂದು ಚಿಪ್ಪಿನ ರೂಢಿ ಇಲ್ಲಿ ಸದ್ದಿಲ್ಲದೆ ನಿಯಮವಾಗಿ ಕೂತಿದೆ.

ಎರಡನೆಯದು ರಿಮೋಟ್‌ಪ್ರಾಕ್ ಚೌಕಟ್ಟಿನೊಳಗಿನ ಡ್ರೈವರ್. ಒಂದು ಚಿಪ್ಪಿನ ಬೇರೆಬೇರೆ ಪ್ರೊಸೆಸರುಗಳನ್ನು ಒಂದೇ ಕ್ರಮದಲ್ಲಿ ನಡೆಸಲು 2012ರ 3.4ನೇ ಆವೃತ್ತಿಯಲ್ಲೇ ಆ ಚೌಕಟ್ಟು ಬಂದಿತ್ತು. ಪಿಆರ್‌ಯು ಡ್ರೈವರ್ ಅದರೊಳಗೆ ಸೇರಿದ್ದು 2021ರ ಫೆಬ್ರುವರಿಯಲ್ಲಿ, 5.11ರಲ್ಲಿ. ಬಳಕೆದಾರರ ಕೈಯಲ್ಲಿ ಬೋರ್ಡು ಹಳತಾಗುವಷ್ಟು ತಡ. ತಡವಾದರೂ ಬಂದದ್ದು ಬಲವಾಗಿದೆ: ಹಂಚಿಕೊಂಡ ಮೆಮೊರಿಗೆ ಒಂದು, ಇಂಟರಪ್ಟ್ ಹಂಚುವುದಕ್ಕೆ ಒಂದು, ಪ್ರೊಸೆಸರ್ ನಡೆಸುವುದಕ್ಕೆ ಒಂದು ಎಂದು ಹೊಣೆ ಮೂರು ಡ್ರೈವರುಗಳಲ್ಲಿ ಹಂಚಿಹೋಗಿದೆ.

ಇದರ ಹೆಚ್ಚುಗಾರಿಕೆ ವಿಳಾಸ ತಿರುವುವ ಭಾಗದಲ್ಲಿದೆ. ಪಿಆರ್‌ಯುವಿನಲ್ಲಿ ಪ್ರೋಗ್ರಾಮಿನ ಮೆಮೊರಿಯೂ ಸೊನ್ನೆಯಿಂದ ಶುರು, ಡೇಟಾ ಮೆಮೊರಿಯೂ ಸೊನ್ನೆಯಿಂದಲೇ ಶುರು. ಎರಡು ಬೀದಿಯಲ್ಲೂ ಒಂದೇ ನಂಬರಿನ ಮನೆ ಇದ್ದಂತೆ. ಚೌಕಟ್ಟಿನ ಮಾಮೂಲಿ ಲೋಡರ್ ಇಲ್ಲಿ ದಾರಿ ತಪ್ಪುತ್ತದೆ. ಹಾಗಾಗಿ ಡ್ರೈವರ್ ತನ್ನದೇ ಲೋಡರ್ ಇಟ್ಟುಕೊಂಡು, ಫರ್ಮ್‌ವೇರಿನ, ಎಂದರೆ ಪಿಆರ್‌ಯುಗೆ ತುಂಬುವ ಪ್ರೋಗ್ರಾಮಿನ, ಪ್ರತಿ ತುಂಡೂ ಓಡುವಂಥದೋ ಅಲ್ಲವೋ ಎಂದು ನೋಡಿ ಬೀದಿ ಆರಿಸುತ್ತದೆ. ಇನ್ನೊಂದು ಸೂಕ್ಷ್ಮ: ಪ್ರತಿ ಪಿಆರ್‌ಯುಗೂ ತನ್ನ ಡೇಟಾ ಮೆಮೊರಿ ಸೊನ್ನೆಯಲ್ಲಿ, ಜೊತೆಯದರ ಮೆಮೊರಿ 8 ಕಿಲೋಬೈಟ್ ಆಚೆ ಕಾಣುತ್ತದೆ. ಎರಡನೇ ಪಿಆರ್‌ಯು ಆದಾಗ ಡ್ರೈವರ್ ಎರಡರ ಸ್ಥಾನ ಅದಲುಬದಲು ಮಾಡುತ್ತದೆ. ಇದು ಗೊತ್ತಿಲ್ಲದೆ ರಾತ್ರಿಯಿಡೀ ತಪ್ಪು ಹುಡುಕುವ ಪಾಡು ಬಳಸುವವರಿಗೆ ತಪ್ಪಿತು.

ಇಂಟರಪ್ಟಿನ ಹಂಚಿಕೆಯನ್ನು ಫರ್ಮ್‌ವೇರೇ ತನ್ನೊಂದಿಗೆ ಹೊತ್ತು ತರುತ್ತದೆ. ಡ್ರೈವರ್ ಅದನ್ನು ಕಣ್ಣುಮುಚ್ಚಿ ನಂಬುವುದಿಲ್ಲ. ಆವೃತ್ತಿ, ಉದ್ದ, ಸಂಖ್ಯೆಯ ಮಿತಿ ನೋಡುತ್ತದೆ. ಐದನೆಯ ಜೋಡಣೆ ಸೋತರೆ ಮೊದಲ ನಾಲ್ಕನ್ನೂ ಬಿಡಿಸಿ ಹಿಂದೆ ಸರಿಯುತ್ತದೆ. ಸೋತಾಗ ಅಂಗಳ ಗುಡಿಸಿಟ್ಟು ಹೋಗುವ ಈ ಗುಣದಲ್ಲೇ ಡ್ರೈವರ್ ಬರೆದವರ ಶಿಸ್ತು ಗೊತ್ತಾಗುವುದು. ಕುಸಿದುಬಿದ್ದ ಪ್ರೊಸೆಸರನ್ನು ತಾನಾಗಿ ಮೇಲೆಬ್ಬಿಸುವ ಸೌಲಭ್ಯ ಚೌಕಟ್ಟಿನಲ್ಲಿದೆ. ಪಿಆರ್‌ಯುಗೆ ಅದು ಇಲ್ಲವೆಂದು ಡ್ರೈವರ್ ಒಂದೇ ಸಾಲಿನಲ್ಲಿ ಹೇಳಿಬಿಡುತ್ತದೆ. ಮಾಡದ್ದನ್ನು ಮಾಡುವುದಿಲ್ಲವೆಂದು ಬರೆದಿಡುವುದೂ ಹೊಣೆ ಹೊರುವ ಒಂದು ಬಗೆ.

ಇಷ್ಟು ಹೊತ್ತ ಡ್ರೈವರ್ ಒಂದು ಕಡೆ ಮಾತ್ರ ಮೌನವಾಗಿದೆ. ಎಎಂ335ಎಕ್ಸ್‌ನಲ್ಲಿ ಪಿಆರ್‌ಯುವಿನಿಂದ ಇಡೀ ಚಿಪ್ಪಿನ ಬಸ್ಸಿಗೆ ಒಂದು ಬಾಗಿಲಿದೆ. ಒಂದು ಬಿಟ್ ಅಳಿಸಿ ಆ ಬಾಗಿಲು ತೆರೆಯುವುದು ಫರ್ಮ್‌ವೇರ್ ಬರೆಯುವವರ ರೂಢಿ. ಆರಂಭದ ಮೂರೇ ಇನ್‌ಸ್ಟ್ರಕ್ಷನ್ ಸಾಕು. ಆಮೇಲೆ ಕರ್ನೆಲ್ ವಾಸವಾಗಿರುವ ಮೆಮೊರಿಯನ್ನೂ ಪಿಆರ್‌ಯು ಓದಬಹುದು, ಬರೆಯಬಹುದು. ನಡುವೆ ತಡೆಯಲು ಯಾವ ಕಾವಲೂ ಇಲ್ಲ. ಹಳೆಯ ಡ್ರೈವರಿನ ಸಾಧನ ಕಡತವನ್ನು ಮಾಮೂಲಿ ಬಳಕೆದಾರರಿಗೆ ತೆರೆದಿಟ್ಟರೆ ಇಡೀ ಯಂತ್ರವನ್ನೇ ಒಪ್ಪಿಸಿದಂತೆ. ಹೊಸತರಲ್ಲಿ ಫರ್ಮ್‌ವೇರ್ ಕಡತವನ್ನು ಯಾರು ಬದಲಿಸಬಲ್ಲರೋ ಅವರ ಕೈಯಲ್ಲಿ ಅದೇ ಬಲ.

ಇದು ಚಿಪ್ಪಿನ ಮಿತಿ, ಯಾವ ಡ್ರೈವರೂ ಆ ಬಾಗಿಲಿಗೆ ಅಗುಳಿ ಹಾಕಲಾರದು. ಆದರೂ ಹೊಸ ಡ್ರೈವರನ್ನು ಮೆಚ್ಚಿ ಒಪ್ಪುವಾಗ ನಾನು ಕೇಳುವ ತಿದ್ದುಪಡಿ ಒಂದಿದೆ. ಎರಡು ಮೆಮೊರಿಗಳ ವಿಳಾಸ ಅದಲುಬದಲಾಗುತ್ತದೆಂದು ವಿಳಾಸ ತಿರುವುವ ಭಾಗದಲ್ಲಿ ಬರೆದಷ್ಟೇ ಸ್ಪಷ್ಟವಾಗಿ, ಡ್ರೈವರಿನ ಕಡತದ ನೆತ್ತಿಯ ಮೇಲೆ ಎರಡು ಸಾಲು ಬೇಕು: ಇಲ್ಲಿ ತುಂಬುವ ಫರ್ಮ್‌ವೇರ್ ಇಡೀ ಮೆಮೊರಿಯನ್ನು ಮುಟ್ಟಬಲ್ಲದು, ಅದನ್ನು ಕರ್ನೆಲ್ಲಿನಷ್ಟೇ ಎಚ್ಚರದಿಂದ ಕಾಯಿರಿ.