ಪಾರಸೀ ಖಗೋಳ ಪರಿಭಾಷೆ: ಶಬ್ದಮೂಲವೂ ಬಳಕೆಯೂ

ಪ್ಯಾರಿಸ್ ವೀಕ್ಷಣಾಲಯದ ಖಗೋಳವಿಜ್ಞಾನಿ ಮೊಹಮ್ಮದ್ ಹೈದರಿ-ಮಲಾಯೆರಿಯವರ ಇಂಗ್ಲಿಷ್-ಫ್ರೆಂಚ್-ಪಾರಸೀ ಖಗೋಳ ವ್ಯುತ್ಪತ್ತಿಕೋಶವನ್ನು ನಾವು ಇತಿಹಾಸದ ದೃಷ್ಟಿಯಿಂದ ಪರಿಶೀಲಿಸಿದೆವು. ಶಬ್ದಮೂಲಗಳನ್ನು ಶೋಧಿಸುವಲ್ಲಿ ಅದರ ಶ್ರದ್ಧೆ ಸ್ತುತ್ಯವಾದುದು. ಗುರುತ್ವಾಕರ್ಷಣೆಯನ್ನು ಸೂಚಿಸುವ 'ಗೆರಾನೆಶ್' ಎಂಬುದು ಭಾರವಾದುದೆಂಬ ಅರ್ಥದ 'ಗೆರಾನ್' ಶಬ್ದದಿಂದ ಹುಟ್ಟಿದುದು. ಈ 'ಗೆರಾನ್' ಸಂಸ್ಕೃತದ 'ಗುರು', ಲ್ಯಾಟಿನಿನ 'ಗ್ರಾವಿಸ್'ಗಳ ಸೋದರ. ನಮ್ಮ ಪಠ್ಯಪುಸ್ತಕಗಳ 'ಗುರುತ್ವ'ಕ್ಕೆ ಇಷ್ಟು ದೂರದಲ್ಲೊಬ್ಬ ನಂಟನಿರುವುದು ಕನ್ನಡ ಓದುಗರಿಗೆ ಸಂತೋಷವನ್ನೇ ತಂದೀತು.

ಆದರೆ ಬಳಕೆಯಲ್ಲಿರುವ ಅರಬ್ಬೀ ಶಬ್ದವನ್ನು ಅದರ ಮೂಲದ ಕಾರಣಕ್ಕಾಗಿಯೇ ಹಿಂದೆ ಸರಿಸುವುದನ್ನು ನಾವು ಒಪ್ಪಲಾರೆವು. ವರ್ಣಪಟಲಕ್ಕೆ 'ತೈಫ್' ಎಂಬ ಶಬ್ದ ಪ್ರಚಲಿತವಾಗಿರುವಾಗ ಕೋಶವು 'ಬೀನಾಬ್' ಎಂಬುದನ್ನು ಮುಂದಿಡುತ್ತದೆ. ಅಲ್‌ಬಿರೂನಿಯು 1029ರ ಸುಮಾರಿಗೆ ರಚಿಸಿದ 'ತಫ್‌ಹೀಮ್' ಗ್ರಂಥದ ಪಾರಸೀ ಪಾಠದಲ್ಲಿ ಎರಡೂ ಮೂಲದ ಪಾರಿಭಾಷಿಕಗಳಿವೆ. ಅಚ್ಚ ಪಾರಸೀ ಶಬ್ದಗಳಿಗಾಗಿ ಹೆಸರಾದ ಆ ಕೃತಿಯೇ ಅರಬ್ಬಿಯನ್ನು ಹೊರಗಿಟ್ಟಿಲ್ಲವೆಂಬುದು ಗಮನಾರ್ಹ. 'ಗೆರಾನೆಶ್' ಕೂಡ ಆಧುನಿಕ ಸೃಷ್ಟಿಯೇ, ನಿಜ. ಆದರೆ ಇರಾನಿನ ವಿಜ್ಞಾನ ಬರಹದಲ್ಲಿ ಅದು ನೆಲೆಯೂರಿರುವುದರಿಂದ ಅದರ ಬಗ್ಗೆ ನಮ್ಮ ತಕರಾರಿಲ್ಲ. ಆಕಾಶಗಂಗೆಯನ್ನು ಕುರಿತ 'ಕಹಕಶಾನ್' ಶಬ್ದವಂತೂ ಯಾವ ವಿದ್ವಾಂಸರ ಸಭೆಯೂ ಟಂಕಿಸಿದುದಲ್ಲ: 'ಕಾಹ್' ಎಂದರೆ ಒಣಹುಲ್ಲು, 'ಕಶಾನ್' ಎಂದರೆ ಎಳೆಯುತ್ತ, ಹುಲ್ಲು ಸಾಗಿಸಿದ ದಾರಿಯಲ್ಲಿ ಉದುರಿ ಬಿದ್ದ ಬಿಳಿಯ ಜಾಡು.